ವಂಶಾವಳಿ ಹುಡುಕುವಾಗ ದಾಖಲೆಗಳು ಒಂದಕ್ಕೊಂದು ತಾಳೆಯಾಗದಿದ್ದರೆ: ದೋಷ ನಿವಾರಣೆ ಕೈಪಿಡಿ

ಮುತ್ತಜ್ಜನ ಹೆಸರು ಪಹಣಿಯಲ್ಲಿ ಒಂದು ಥರ, ಕ್ರಯಪತ್ರದಲ್ಲಿ ಇನ್ನೊಂದು ಥರ. ಅಜ್ಜಿ ಹುಟ್ಟಿದ ವರ್ಷ ಜಾತಕದಲ್ಲಿ ಒಂದಾದರೆ ಶಾಲೆಯ ರಿಜಿಸ್ಟರಿನಲ್ಲಿ ಬೇರೆ. ಮನೆತನದ ಇತಿಹಾಸ ಬರೆಯಲು ಕೂತವರಿಗೆಲ್ಲ ಇದು ಎದುರಾಗುತ್ತದೆ. ಆಗ ಕೆಲವರು ಸರ್ಕಾರಿ ಮೊಹರು ಇರುವ ಕಾಗದವನ್ನೇ ನಂಬುತ್ತಾರೆ. ಕೆಲವರು ಮನೆಯ ಹಿರಿಯರ ಮಾತನ್ನೇ ಹಿಡಿದು ಕೂರುತ್ತಾರೆ. ಎರಡೂ ಅವಸರದ ತೀರ್ಮಾನ. ಯಾವುದು ಸರಿ ಎಂದು ಕೇಳುವ ಮೊದಲು, ಇವು ಯಾಕೆ ಬೇರೆಯಾದವು ಎಂದು ಕೇಳಬೇಕು. ಕಾರಣ ಗೊತ್ತಾದರೆ ಉತ್ತರ ಸಿಗುವುದು ಸುಲಭ.

ಮನೆಯ ಪೆಟ್ಟಿಗೆಯಲ್ಲಿ, ತಾಲ್ಲೂಕು ಕಚೇರಿಯಲ್ಲಿ, ಶಾಲೆಯಲ್ಲಿ ನಮ್ಮ ಕಡೆ ಸಿಗುವ ಕಾಗದಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ಹೊರದೇಶದ ವಂಶಾವಳಿ ಪುಸ್ತಕಗಳು ಜನಗಣತಿಯ ಹಾಳೆ ನೋಡಿ ಎನ್ನುತ್ತವೆ. ಇಲ್ಲಿ ಅದು ಆಗದ ಮಾತು. 1948ರ ಜನಗಣತಿ ಕಾಯಿದೆ ಪ್ರಕಾರ ಮನೆಮನೆಯ ವಿವರ ಗುಟ್ಟಾಗಿಯೇ ಇರುತ್ತದೆ.

ಮೊದಲ ಪರೀಕ್ಷೆ: ಯಾರು ಹೇಳಿದ್ದು, ಯಾವಾಗ ಬರೆದದ್ದು, ಯಾತಕ್ಕೆ

ಜಗಳವಾಡುತ್ತಿರುವ ಎರಡೂ ಕಾಗದಗಳನ್ನು ಪಕ್ಕಪಕ್ಕ ಇಡಿ. ಪ್ರತಿಯೊಂದಕ್ಕೂ ಈ ಮೂರು ಪ್ರಶ್ನೆ ಹಾಕಿ. ಇನ್ನೊಂದು ಎಚ್ಚರ: ಒಂದು ಕಾಗದ ಎಲ್ಲ ವಿಷಯಕ್ಕೂ ಸಾಕ್ಷಿಯಾಗುವುದಿಲ್ಲ. ಯಾವ ಕೆಲಸಕ್ಕಾಗಿ ಬರೆದರೋ ಆ ವಿಷಯದಲ್ಲಿ ಅದು ಗಟ್ಟಿ, ಉಳಿದದ್ದರಲ್ಲಿ ಸಡಿಲ.

ಪೌತಿ ಖಾತೆಯನ್ನೇ ತೆಗೆದುಕೊಳ್ಳಿ. ತಂದೆ ತೀರಿಕೊಂಡ ಮೇಲೆ ಜಮೀನು ಮಕ್ಕಳ ಹೆಸರಿಗೆ ಬಂದ ದಾಖಲೆ ಅದು. ಯಾರಿಂದ ಯಾರಿಗೆ ಬಂತು ಎಂಬುದಕ್ಕೆ ಒಳ್ಳೆಯ ಸಾಕ್ಷಿ. ಆದರೆ ಮ್ಯುಟೇಶನ್, ಅಂದರೆ ಖಾತೆ ಬದಲಾದ ತಾರೀಖನ್ನು ಸಾವಿನ ತಾರೀಖು ಎಂದು ಬರೆದುಕೊಂಡರೆ ಕೆಟ್ಟಿತು. ಸಾಲ ತೆಗೆಯುವಾಗಲೋ ಜಮೀನು ಮಾರುವಾಗಲೋ ಖಾತೆಯ ನೆನಪಾಗುತ್ತದೆ. ಅಷ್ಟರಲ್ಲಿ ಹತ್ತಿಪ್ಪತ್ತು ವರ್ಷ ಕಳೆದಿರಬಹುದು. ಹೆಚ್ಚೆಂದರೆ, ಆ ತಾರೀಖಿನ ಹೊತ್ತಿಗೆ ಅವರು ಇರಲಿಲ್ಲ ಎಂದಷ್ಟೇ ಹೇಳಬಹುದು.

ನಾಡಕಚೇರಿಯಿಂದ ಬರುವ ವಂಶವೃಕ್ಷದ ಪತ್ರವೂ ಹಾಗೆಯೇ. ಅರ್ಜಿದಾರರು ಹೇಳಿದ್ದರ ಮೇಲೆ, ಸ್ಥಳದ ವಿಚಾರಣೆಯ ಮೇಲೆ ಅದು ತಯಾರಾಗುತ್ತದೆ. ಆಸ್ತಿಯ ಕೆಲಸಕ್ಕೆ ಮಾಡಿಸಿದ್ದಾದ್ದರಿಂದ ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಎಳವೆಯಲ್ಲೇ ತೀರಿಕೊಂಡವರು ಎಷ್ಟೋ ಸಲ ಅದರಲ್ಲಿ ಇರುವುದಿಲ್ಲ. ಅದರಲ್ಲಿ ಹೆಸರಿಲ್ಲದ ಮಾತ್ರಕ್ಕೆ ಆ ವ್ಯಕ್ತಿಯೇ ಇರಲಿಲ್ಲ ಎಂದುಕೊಳ್ಳಬೇಡಿ.

ಎರಡು ಕಾಗದ ಒಂದೇ ಮಾತು ಹೇಳಿದರೂ ಒಮ್ಮೆ ತಡೆಯಿರಿ. ಟಿ.ಸಿ., ಎಸ್‌.ಎಸ್‌.ಎಲ್‌.ಸಿ. ಅಂಕಪಟ್ಟಿ, ಪ್ಯಾನ್, ಪಾಸ್‌ಪೋರ್ಟ್ ಎಲ್ಲದರಲ್ಲೂ ಒಂದೇ ಜನ್ಮದಿನಾಂಕ ಇದೆ ಎಂದರೆ ನಾಲ್ಕು ಸಾಕ್ಷಿ ಸಿಕ್ಕಂತಲ್ಲ. ಒಂದನೇ ತರಗತಿಗೆ ಸೇರಿಸುವಾಗ ಬರೆದ ಒಂದೇ ಸಾಲು ಅಲ್ಲಿಂದ ಮುಂದಕ್ಕೆ ನಕಲಾಗುತ್ತಾ ಬಂದಿರುತ್ತದೆ. ಸಾಕ್ಷಿ ಒಂದೇ.

ಲಕ್ಷಣ: ಹುಟ್ಟಿದ ಅಥವಾ ಸತ್ತ ದಿನಾಂಕ ಹೊಂದುತ್ತಿಲ್ಲ

ತೊಂದರೆ ಜಾಸ್ತಿ ಬರುವುದು ಇಲ್ಲಿ. ವ್ಯತ್ಯಾಸ ಎಷ್ಟು ಎಂದು ಮೊದಲು ಲೆಕ್ಕ ಹಾಕಿ. ಒಂದು ದಿನವೇ, ಒಂದು ವರ್ಷವೇ, ಎರಡು ಮೂರು ವರ್ಷವೇ, ಇಲ್ಲ ಅರವತ್ತು ವರ್ಷವೇ? ಅಂತರ ಎಷ್ಟು ಎಂಬುದರಲ್ಲೇ ಕಾರಣದ ಸುಳಿವಿರುತ್ತದೆ.

ಒಂದು ದಿನದ ವ್ಯತ್ಯಾಸವಾದರೆ ಹುಟ್ಟಿದ ಹೊತ್ತು ನೋಡಿ. ಪಂಚಾಂಗದ ವಾರ ಸೂರ್ಯೋದಯಕ್ಕೆ ಶುರು, ಕಚೇರಿಯ ದಿನ ಮಧ್ಯರಾತ್ರಿಗೆ. ಮಂಗಳವಾರ ಬೆಳಗಿನ ಜಾವ ಮೂರು ಗಂಟೆಗೆ ಹುಟ್ಟಿದ ಮಗುವಿಗೆ ಜಾತಕದಲ್ಲಿ ಸೋಮವಾರ ಎಂದೇ ಇರುತ್ತದೆ. ಇಬ್ಬರೂ ಸರಿ.

ಒಂದು ವರ್ಷದ ವ್ಯತ್ಯಾಸ ಹೆಚ್ಚಾಗಿ ಸಂವತ್ಸರ ಅಥವಾ ಶಕವರ್ಷವನ್ನು ಇಸವಿಗೆ ತಿರುಗಿಸುವಾಗ ಆಗುತ್ತದೆ. ಶಾಲಿವಾಹನ ಶಕೆಗೆ 78 ಸೇರಿಸಿದರೆ ಇಸವಿ ಎಂದು ಎಲ್ಲರೂ ಕಲಿತಿರುತ್ತೇವೆ. ಆದರೆ ಸಂವತ್ಸರ ಬದಲಾಗುವುದು ಯುಗಾದಿಗೆ. ಜನವರಿ ಬಂದರೂ ಹಳೆಯ ಸಂವತ್ಸರವೇ ನಡೆಯುತ್ತಿರುತ್ತದೆ. ಆದ್ದರಿಂದ ಮಾಘ, ಫಾಲ್ಗುಣ ಮಾಸಗಳಿಗೆ 79 ಸೇರಿಸಬೇಕು. ಪುಷ್ಯದಲ್ಲಿ ಡಿಸೆಂಬರ್ ಮುಗಿದಿದೆಯೇ ಎಂದು ನೋಡಬೇಕು.

ಒಂದು ಉದಾಹರಣೆ. ಜಾತಕದಲ್ಲಿ ಕ್ರೋಧಿ ಸಂವತ್ಸರ, ಮಾಘ ಮಾಸ ಎಂದಿದೆ. ಶಾಲೆಯಲ್ಲಿ 1963ರ ಜೂನ್ 1 ಎಂದಿದೆ. ಮನೆಯವರು ಕ್ರೋಧಿ ಎಂದರೆ 1964 ಎಂದು ಲೆಕ್ಕ ಹಾಕಿ, 1964ರ ಫೆಬ್ರವರಿ ಎಂದು ಬರೆದಿದ್ದಾರೆ. ಈಗ ಮೂರು ಉತ್ತರ ಆಯಿತು. ಬಿಡಿಸೋಣ. ಕ್ರೋಧಿ ಶುರುವಾದದ್ದು 1964ರ ಯುಗಾದಿಗೆ, ಮುಗಿದದ್ದು 1965ರ ಯುಗಾದಿಗೆ. ಅದರ ಮಾಘ ಮಾಸ ಬರುವುದು 1965ರ ಫೆಬ್ರವರಿಯಲ್ಲಿ. ಅಂದರೆ ಮನೆಯವರ ಲೆಕ್ಕ ಒಂದು ವರ್ಷ ಹಿಂದೆ ಹೋಗಿದೆ. ಇನ್ನು ಶಾಲೆಯ ದಿನಾಂಕ. ಆ ಹುಡುಗ ಶಾಲೆಗೆ ಸೇರಿದ್ದು 1969ರ ಜೂನ್ ಎಂದು ದಾಖಲಾತಿ ರಿಜಿಸ್ಟರ್ ಹೇಳಿದರೆ ವಿಷಯ ತಿಳಿಯಾಯಿತು. ಆಗ ಅವನಿಗೆ ನಾಲ್ಕೂ ಚಿಲ್ಲರೆ ವರ್ಷ. ಅಣ್ಣನ ಜೊತೆ ಕಳಿಸಿರುತ್ತಾರೆ. ಮೇಷ್ಟ್ರು ಆರು ವರ್ಷ ತುಂಬುವಂತೆ ಒಂದು ತಾರೀಖು ಬರೆದುಕೊಂಡಿರುತ್ತಾರೆ. ಜೂನ್ 1 ಎಂಬ ಹುಟ್ಟುಹಬ್ಬ ಒಂದು ತಲೆಮಾರಿನ ಅಷ್ಟೊಂದು ಜನರಿಗೆ ಇರುವುದು ಹೀಗೆಯೇ, ಶಾಲೆ ಶುರುವಾಗುವ ದಿನದಿಂದ. ಜನವರಿ 1 ಕಂಡರೂ ಅನುಮಾನ ಪಡಿ. ಬರೀ ವಯಸ್ಸು ಗೊತ್ತಿದ್ದವರಿಗೆ ಆಧಾರ್‌ನಲ್ಲಿ ಜನವರಿ 1 ಬಿದ್ದಿರುವುದು ಸಾಮಾನ್ಯ.

ಹೀಗೆ ಬಂದ ಉತ್ತರವನ್ನು ಒಡಹುಟ್ಟಿದವರ ಜೊತೆ ಇಟ್ಟು ನೋಡಿ. ಅಣ್ಣ ಹುಟ್ಟಿದ್ದು 1963ರ ಡಿಸೆಂಬರ್ ಎಂದು ಖಾತ್ರಿ ಇದ್ದರೆ ತಮ್ಮ 1963ರ ಜೂನ್‌ನಲ್ಲಿ ಹುಟ್ಟಲಾರ. 1964ರ ಫೆಬ್ರವರಿಯೂ ಆಗದು. ಉಳಿಯುವುದು 1965. ಒಬ್ಬರ ದಾಖಲೆಯನ್ನು ಒಂಟಿಯಾಗಿ ನೋಡುವುದಕ್ಕಿಂತ ಇಡೀ ಮನೆಯ ಮಕ್ಕಳನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದರೆ ಎಷ್ಟೋ ಗೊಂದಲ ಅಲ್ಲೇ ಮುಗಿಯುತ್ತದೆ.

ಅರವತ್ತು ವರ್ಷದ ವ್ಯತ್ಯಾಸವಾದರೆ ಸಂವತ್ಸರದ ಚಕ್ರ ಒಂದು ಸುತ್ತು ತಪ್ಪಿದೆ. ಕ್ರೋಧಿ 1904ರಲ್ಲೂ ಬಂದಿತ್ತು, 1964ರಲ್ಲೂ ಬಂತು, 2024ರಲ್ಲೂ ಬಂತು. ಶಕವರ್ಷ ಬರೆಯದೆ ಬರೀ ಸಂವತ್ಸರ ಬರೆದ ಕಾಗದ ಸಿಕ್ಕರೆ ಅದರಲ್ಲಿರುವ ತಿಥಿ, ವಾರ, ನಕ್ಷತ್ರ ಮೂರನ್ನೂ ಹಳೆಯ ಪಂಚಾಂಗದಲ್ಲಿ ತಾಳೆ ನೋಡಿ. ಬೇರೆ ಬೇರೆ ಸುತ್ತಿನಲ್ಲಿ ಮೂರೂ ಒಟ್ಟಿಗೆ ಹೊಂದುವುದು ಅಪರೂಪ. ಅಧಿಕ ಮಾಸ ಎಂದು ಬರೆದಿದ್ದರೆ ಅದೃಷ್ಟ ಚೆನ್ನಾಗಿದೆ ಎನ್ನಿ. ಒಂದು ಹೆಸರಿನ ಅಧಿಕ ಮಾಸ ಮರುಕಳಿಸಲು ಬಹಳ ವರ್ಷ ಬೇಕು. ಅಧಿಕ ಶ್ರಾವಣ 2004ರಲ್ಲಿ ಬಂದದ್ದು ಮತ್ತೆ ಬಂದದ್ದು 2023ರಲ್ಲಿ.

ಹೈದರಾಬಾದ್ ಸಂಸ್ಥಾನದಲ್ಲಿದ್ದ ಬೀದರ್, ಕಲಬುರಗಿ, ರಾಯಚೂರು ಕಡೆಯವರಿಗೆ ಫಸಲಿ ವರ್ಷ, ಅಂದರೆ ಕಂದಾಯದ ಲೆಕ್ಕದ ವರ್ಷ, ಎದುರಾಗುತ್ತದೆ. ಮದ್ರಾಸ್ ಪ್ರಾಂತ್ಯದ ಹಳೆಯ ಕಂದಾಯದ ಕಾಗದಗಳಲ್ಲೂ ಫಸಲಿ ಇದೆ. ಫಸಲಿಗೆ 590 ಸೇರಿಸಿದರೆ ಆ ವರ್ಷ ಶುರುವಾದ ಇಸವಿ ಸಿಗುತ್ತದೆ. ಫಸಲಿ 1330 ಎಂದರೆ 1920-21. ಮದ್ರಾಸ್ ಕಡೆ ಅದು ಜುಲೈಗೆ ಶುರು, ನಿಜಾಮರ ಕಡೆ ಅಕ್ಟೋಬರಿಗೆ. ತಿಂಗಳ ಹೆಸರು ಆಜುರ್, ದೈ, ಬಹಮನ್ ಎಂದಿದ್ದರೆ ಅದು ನಿಜಾಮರ ಫಸಲಿ.

ಕರಾವಳಿಯವರು ಇನ್ನೊಂದು ವಿಷಯ ನೋಡಬೇಕು. ಆಟಿ ತಿಂಗಳಲ್ಲಿ ತೀರಿಕೊಂಡರು ಎಂದು ಅಜ್ಜಿ ಹೇಳಿದರೆ ಅದನ್ನು ಆಷಾಢ ಎಂದು ಬರೆದುಕೊಳ್ಳಬೇಡಿ. ಆಟಿ ಸೌರಮಾಸ, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಚಾಂದ್ರಮಾನದ ಶ್ರಾವಣ ಅದರೊಳಗೇ ಶುರುವಾಗಿರಬಹುದು.

ಗಯಾ ಅಥವಾ ಕಾಶಿಯ ಪಂಡರ (ತೀರ್ಥಕ್ಷೇತ್ರದ ಪುರೋಹಿತರ) ಬಹಿಯಲ್ಲಿ, ಅಂದರೆ ಯಾತ್ರಿಕರ ವಂಶ ಬರೆದಿಡುವ ಪುಸ್ತಕದಲ್ಲಿ, ನಿಮ್ಮ ಮನೆಯವರ ಹೆಸರು ಸಿಕ್ಕಿದ್ದರೆ ತಿಂಗಳನ್ನು ಜೋಪಾನವಾಗಿ ಓದಿ. ಉತ್ತರದವರ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮದು ಅಮಾವಾಸ್ಯೆಗೆ. ನಮ್ಮ ಭಾದ್ರಪದ ಬಹುಳ ಅವರಿಗೆ ಆಶ್ವಿನ ಕೃಷ್ಣಪಕ್ಷ. ಒಂದೇ ದಿನಕ್ಕೆ ಎರಡು ತಿಂಗಳ ಹೆಸರು ಬಿದ್ದರೆ ದಾಖಲೆ ತಪ್ಪು ಎನ್ನುವಂತಿಲ್ಲ.

ಸಾವಿನ ತಿಥಿಯ ವಿಷಯದಲ್ಲಿ ನಾನು ಕಚೇರಿಯ ಕಾಗದಕ್ಕಿಂತ ಶ್ರಾದ್ಧ ಮಾಡುವ ಮನೆಯ ಮಾತಿಗೆ ಹೆಚ್ಚು ಬೆಲೆ ಕೊಡುತ್ತೇನೆ. ಪ್ರತಿವರ್ಷ ಅದೇ ಮಾಸ, ಅದೇ ಪಕ್ಷ, ಅದೇ ತಿಥಿಗೆ ಮಾಡುತ್ತಾ ಬಂದಿರುವುದರಿಂದ ಅದು ಸುಲಭವಾಗಿ ಮರೆಯುವುದಿಲ್ಲ. ಆದರೆ ವರ್ಷವನ್ನು ಅದು ಹೇಳುವುದಿಲ್ಲ. ವರ್ಷಕ್ಕೆ ಬೇರೆ ಸಾಕ್ಷಿ ಬೇಕು.

ಕ್ರಯಪತ್ರ, ಕೋರ್ಟಿನ ಹೇಳಿಕೆಗಳಲ್ಲಿ ಬರುವ "ಸುಮಾರು 45 ವರ್ಷ" ಎಂಬುದನ್ನು ಲೆಕ್ಕದ ಆಧಾರ ಮಾಡಿಕೊಳ್ಳಬೇಡಿ. ಜನ ವಯಸ್ಸನ್ನು ಐದರ, ಹತ್ತರ ಲೆಕ್ಕದಲ್ಲಿ ಹೇಳುತ್ತಿದ್ದರು. ಅದೇ ಪತ್ರದಲ್ಲಿ "ಮೈನರ್, ಗಾರ್ಡಿಯನ್ ತಾಯಿ" ಎಂದಿದ್ದರೆ ಅದು ಬಂಗಾರದಂಥ ಮಾಹಿತಿ. 1938ರ ಪಾಲುಪಟ್ಟಿಯಲ್ಲಿ ಒಬ್ಬ ಮೈನರ್ ಎಂದರೆ ಅವನು ಹುಟ್ಟಿದ್ದು ಬಹುತೇಕ 1920ರ ನಂತರ. ಮೈನರ್ ಎಂಬುದು ಪತ್ರದ ಊರ್ಜಿತಕ್ಕೇ ಬೇಕಾದ ವಿಷಯವಾದ್ದರಿಂದ ಅದನ್ನು ಸುಮ್ನೆ ಬರೆದಿರುವುದಿಲ್ಲ.

ಹಿರಿಯರು ಹೇಳುವ ಗುರುತುಗಳೂ ಸಹಾಯಕ್ಕೆ ಬರುತ್ತವೆ. ಧಾತು ಈಶ್ವರದ ಬರ ಎಂದರೆ 1876-78. ರಜಾಕಾರರ ಗಲಾಟೆ ಎಂದರೆ 1947-48. ಪ್ಲೇಗ್ ಮಾತ್ರ ಕೈಕೊಡುತ್ತದೆ. ಬೆಂಗಳೂರಿಗೆ 1898ರಲ್ಲಿ ಬಂದ ಮೇಲೆ ಅದು ಬೇರೆ ಬೇರೆ ಊರುಗಳಲ್ಲಿ ವರ್ಷಗಟ್ಟಲೆ ಬಂದು ಹೋಗುತ್ತಿತ್ತು. "ಪ್ಲೇಗಿನಲ್ಲಿ ಹೋದರು" ಎಂದರೆ ಯಾವ ಪ್ಲೇಗ್ ಎಂದು ಕೇಳಿ.

ಲಕ್ಷಣ: ಹೆಸರು ಬೇರೆ, ಮನುಷ್ಯ ಒಬ್ಬನೇ ಇರಬೇಕು ಅನ್ನಿಸುತ್ತದೆ

ಹಳೆಯ ಮೈಸೂರು ಕಡೆಯ ಕಾಗದಗಳಲ್ಲಿ ಹೆಸರಿಗಿಂತ ಅದರ ಜೊತೆಯ ಸಂಬಂಧ ಮುಖ್ಯ. ತಿಮ್ಮಯ್ಯ ಬಿನ್ ರಂಗಯ್ಯ ಎಂದರೆ ರಂಗಯ್ಯನ ಮಗ, ಲಕ್ಷ್ಮಮ್ಮ ಕೋಂ ತಿಮ್ಮಯ್ಯ ಎಂದರೆ ತಿಮ್ಮಯ್ಯನ ಹೆಂಡತಿ. ಒಂದು ಊರಿನಲ್ಲಿ ತಿಮ್ಮಯ್ಯಂದಿರು ಬೇಕಾದಷ್ಟು ಇರುತ್ತಾರೆ. ತಂದೆಯ ಹೆಸರು, ಸರ್ವೆ ನಂಬರ್, ಚೆಕ್ಕುಬಂದಿಯಲ್ಲಿ ಬರುವ ಪಕ್ಕದ ಜಮೀನಿನವರ ಹೆಸರು, ಈ ಮೂರೂ ಕೂಡಿದರೆ ಒಬ್ಬನೇ ಎಂದು ಧೈರ್ಯವಾಗಿ ಹೇಳಬಹುದು. ಚೆಕ್ಕುಬಂದಿಯನ್ನು ಯಾರೂ ಓದುವುದಿಲ್ಲ. ನನ್ನ ಪ್ರಕಾರ ಇಡೀ ಪತ್ರದಲ್ಲಿ ಸುಳ್ಳು ಸೇರುವ ಸಾಧ್ಯತೆ ಕಡಿಮೆ ಇರುವ ಸಾಲು ಅದೇ.

ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಮನೆಗಳಲ್ಲಿ ಎರಡು ಹೆಸರು ಸರದಿಯಂತೆ ತಿರುಗುತ್ತವೆ. ರಂಗಯ್ಯನ ಮಗ ತಿಮ್ಮಯ್ಯ, ತಿಮ್ಮಯ್ಯನ ಮಗ ರಂಗಯ್ಯ, ಅವನ ಮಗ ಮತ್ತೆ ತಿಮ್ಮಯ್ಯ. ಒಬ್ಬನೇ ಮನುಷ್ಯ 1890ರಲ್ಲಿ ಜಮೀನು ಕೊಂಡು 1961ರಲ್ಲಿ ಮಾರಿದಂತೆ ಕಂಡರೆ ನಡುವೆ ಎರಡು ತಲೆಮಾರು ನುಂಗಿಹೋಗಿವೆ. ತೀರಿಹೋದ ಮಗುವಿನ ಹೆಸರನ್ನೇ ಮುಂದೆ ಹುಟ್ಟಿದ ಮಗುವಿಗೆ ಇಟ್ಟದ್ದೂ ಉಂಟು. ಜನನದ ಪುಸ್ತಕದಲ್ಲಿ ಬರೀ "ಗಂಡು ಮಗು" ಎಂದಿದ್ದರೆ ಅದು ಯಾವ ಮಗು ಎಂದು ನೋಡಿಯೇ ಮುಂದೆ ಹೋಗಿ.

ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಬದಲಾಗಿದ್ದರೆ ಬೇರೆ ಮನೆ ಎಂದುಕೊಳ್ಳಬೇಡಿ. ಕುಲಕರ್ಣಿ, ಪಾಟೀಲ, ದೇಸಾಯಿ ಎಂಬವು ಹುದ್ದೆಯಿಂದ ಬಂದವು. ಒಂದೇ ಮನೆಯ ಒಬ್ಬ ಮಗ ಹುದ್ದೆಯ ಹೆಸರು ಉಳಿಸಿಕೊಂಡು ಇನ್ನೊಬ್ಬ ಊರ ಹೆಸರು ಹಿಡಿದಿರಬಹುದು. ದಕ್ಷಿಣದಲ್ಲಿ ಇನಿಷಿಯಲ್ ಇದೇ ಕೆಲಸ ಮಾಡುತ್ತದೆ. ಅಣ್ಣನಿಗೆ ಊರಿನ ಅಕ್ಷರ, ತಮ್ಮನಿಗೆ ಬರೀ ತಂದೆಯ ಅಕ್ಷರ. ಹೊರದೇಶದಲ್ಲಿರುವವರ ಪಾಸ್‌ಪೋರ್ಟ್‌ನಲ್ಲಿ ಈ ಅಕ್ಷರ ಬಿಡಿಸಿ ಸರ್‌ನೇಮ್ ಆದಾಗ ಅಣ್ಣತಮ್ಮಂದಿರು ಸಂಬಂಧವೇ ಇಲ್ಲದವರಂತೆ ಕಾಣುತ್ತಾರೆ.

ಹೆಂಗಸರ ಹೆಸರು ಇದಕ್ಕಿಂತ ಕಷ್ಟ. ಮದುವೆಯಲ್ಲಿ ಹೆಸರು ಬದಲಿಸುವ ಮನೆತನಗಳಲ್ಲಿ ತವರಿನ ಕಾಗದದಲ್ಲಿ ಒಂದು ಹೆಸರು, ಗಂಡನ ಮನೆಯ ಕಾಗದದಲ್ಲಿ ಇನ್ನೊಂದು. ಎರಡನ್ನೂ ಬರೆದಿಡಿ. ತವರಿನ ಹೆಸರು ಬಿಟ್ಟರೆ ಆ ಕಡೆಯ ಬೇರು ಪೂರ್ತಿ ಕಡಿದುಹೋಗುತ್ತದೆ.

ಲಿಪಿಯಿಂದ ಆಗುವ ಕೇಡು ಬೇರೆ. ಮುಂಬಯಿ ಪ್ರಾಂತ್ಯದಲ್ಲಿದ್ದ ಬೆಳಗಾವಿ, ವಿಜಯಪುರ, ಧಾರವಾಡದ ಹಳೆಯ ಕಾಗದಗಳು ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿರಬಹುದು. ನಿಜಾಮರ ಕಡೆಯವು ಉರ್ದುವಿನಲ್ಲಿ. ಉರ್ದುವಿನಲ್ಲಿ ಹ್ರಸ್ವ ಸ್ವರ ಬರೆಯುವುದಿಲ್ಲವಾದ್ದರಿಂದ ಓದುವವರು ಊಹಿಸಿ ಓದುತ್ತಾರೆ. ಇಂಗ್ಲಿಷಿಗೆ ಹೋಗಿ ಬಂದ ಹೆಸರಿನಲ್ಲಿ ಳ ಮತ್ತು ಲ, ಣ ಮತ್ತು ನ ಕಲೆತಿರುತ್ತವೆ. 2000ದ ಸುಮಾರಿಗೆ ಕೈಬರಹದ ಪಹಣಿ ಭೂಮಿ ತಂತ್ರಾಂಶಕ್ಕೆ ಹೋದಾಗಲೂ ಅಕ್ಷರ ತಪ್ಪಿದ್ದುಂಟು. ಕಂಪ್ಯೂಟರ್ ಪಹಣಿಗೂ ಹಳೆಯ ಪಹಣಿಗೂ ಜಗಳ ಬಂದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ಕೈಬರಹದ ನಕಲು ತೆಗೆಸಿ. ಅದು ಮೂಲಕ್ಕೆ ಹತ್ತಿರ.

ಲಕ್ಷಣ: ಸಂಬಂಧವೇ ಹೊಂದುತ್ತಿಲ್ಲ

ಒಂದು ಕಾಗದದಲ್ಲಿ ಮಗ, ಇನ್ನೊಂದರಲ್ಲಿ ಅಳಿಯ. ಊರು ತುಳುನಾಡಿನದಾದರೆ ಅಳಿಯಸಂತಾನದ ಮನೆಯೇ ಎಂದು ಮೊದಲು ಕೇಳಿ. ಅಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು. ಯಜಮಾನ ಎಂದು ಬರೆದಿರುವುದು ಸೋದರಮಾವನನ್ನು, ಅವನ ನಂತರ ಬಂದವನು ಅಕ್ಕತಂಗಿಯ ಮಗ. ಅದನ್ನು ತಂದೆ ಮಗ ಎಂದು ಓದಿದರೆ ಇಡೀ ವಂಶಾವಳಿ ಬೇರೆ ಮರಕ್ಕೆ ಹತ್ತಿಕೊಳ್ಳುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗೆ ಮುಂಚಿನ ಕಾಗದಗಳಲ್ಲಿ ಈ ಎಚ್ಚರ ಬಹಳ ಬೇಕು.

ದತ್ತು ಹೋದ ಮಗನಿಗೆ ಇಬ್ಬರು ತಂದೆಯರ ಹೆಸರು ಸಿಗುತ್ತದೆ. ದತ್ತಕಕ್ಕೆ ಮುಂಚಿನ ಕಾಗದ ಯಾವುದು, ನಂತರದ್ದು ಯಾವುದು ಎಂದು ಸಾಲಾಗಿ ಜೋಡಿಸಿದರೆ ತಿಳಿಯುತ್ತದೆ. ಇಬ್ಬರು ತಾಯಂದಿರ ಹೆಸರು ಸಿಕ್ಕರೆ ಎರಡನೇ ಮದುವೆ ನೋಡಿ. ಮೊದಲ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡು ಅವಳ ತಂಗಿಯನ್ನೇ ತಂದ ಮನೆಗಳು ಎಷ್ಟೋ. ಇಬ್ಬರಿಗೂ ತವರು ಒಂದೇ, ತಂದೆಯ ಹೆಸರು ಒಂದೇ. ಸಾಕಿದ ತಾಯಿಯ ಹೆಸರನ್ನೇ ಮಕ್ಕಳು ಶಾಲೆಯಲ್ಲಿ ಹೇಳಿರುತ್ತಾರೆ. ಈ ವಿಷಯಗಳನ್ನು ಮನೆಯಲ್ಲಿ ಕೇಳುವಾಗ ಮೆತ್ತಗೆ ಕೇಳಿ, ಎಲ್ಲರ ಮುಂದೆ ಕೇಳಬೇಡಿ. ಚಿಕ್ಕಮ್ಮನೋ ದೊಡ್ಡಮ್ಮನೋ ಒಬ್ಬರೇ ಕೂತಾಗ ಹೇಳುವ ಮಾತು ಜಗುಲಿಯಲ್ಲಿ ಬರುವುದಿಲ್ಲ. ಅವರು ಬರೆಯಬೇಡ ಎಂದರೆ ಬರೆಯಬೇಡಿ.

ಪಹಣಿಯಲ್ಲಿ ಇದ್ದಕ್ಕಿದ್ದಂತೆ ಸಂಬಂಧವಿಲ್ಲದ ಹೆಸರು ಬಂದರೆ ವರ್ಷ ನೋಡಿ. 1974ರ ಭೂಸುಧಾರಣೆ ತಿದ್ದುಪಡಿಯ ನಂತರವಾದರೆ, ಫಾರಂ 7 (ಗೇಣಿ ಜಮೀನಿನ ಹಕ್ಕು ಕೇಳುವ ಅರ್ಜಿ) ಕೊಟ್ಟ ಗೇಣಿದಾರನಿಗೆ ಜಮೀನು ಬಂದಿರಬಹುದು. ಅದು ಉತ್ತರಾಧಿಕಾರವೂ ಅಲ್ಲ, ಮಾರಾಟವೂ ಅಲ್ಲ. ಆ ಹೆಸರನ್ನು ವಂಶದೊಳಗೆ ಸೇರಿಸಬೇಡಿ. ಆದರೆ ಗೇಣಿದಾರನೇ ನಿಮ್ಮ ಅಜ್ಜನಾಗಿದ್ದರೆ ಭೂ ನ್ಯಾಯಮಂಡಳಿಯ ಕಡತ ಹುಡುಕಿ. ಎಷ್ಟು ಕಾಲದಿಂದ ಉಳುತ್ತಿದ್ದರು ಎಂಬ ಹೇಳಿಕೆ ಅದರಲ್ಲಿರುತ್ತದೆ. ಭೂಮಿ ಇಲ್ಲದವರ ಹೆಸರು ಹಳೆಯ ಕಾಗದದಲ್ಲಿ ಸಿಗುವುದೇ ಕಡಿಮೆ, ಇದು ಅಂಥ ಅಪರೂಪದ ಜಾಗ.

ಲಕ್ಷಣ: ಊರು, ಜಿಲ್ಲೆ ಬೇರೆ ಬೇರೆ

ಇದು ಎಷ್ಟೋ ಸಲ ಜಗಳವೇ ಅಲ್ಲ. ಹರಪನಹಳ್ಳಿಯನ್ನು ನೋಡಿ. 1953ರವರೆಗೆ ಮದ್ರಾಸ್ ರಾಜ್ಯ. ಆಮೇಲೆ ಮೈಸೂರು ರಾಜ್ಯದ ಬಳ್ಳಾರಿ ಜಿಲ್ಲೆ. 1997ರಿಂದ ದಾವಣಗೆರೆ ಜಿಲ್ಲೆ, ಮತ್ತೆ ಬಳ್ಳಾರಿ, ಈಗ ವಿಜಯನಗರ. ಮನೆ ಕದಲಲಿಲ್ಲ, ಜಿಲ್ಲೆ ಕದಲಿತು. ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ಉಡುಪಿ, ಚಾಮರಾಜನಗರ ಜಿಲ್ಲೆಗಳೂ 1997ರಲ್ಲೇ ಆದವು. ಹಾಗಾಗಿ ಕಾಗದ ಬರೆದಾಗ ಊರು ಯಾವ ರಾಜ್ಯಕ್ಕೆ ಸೇರಿತ್ತು ಎಂದು ನೋಡಿ ಹುಡುಕಿ. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಸಿಗದ್ದು ಚೆನ್ನೈ, ಮುಂಬಯಿ ಅಥವಾ ಹೈದರಾಬಾದಿನ ಪತ್ರಾಗಾರದಲ್ಲಿ ಇರಬಹುದು. ಹೊಸಹಳ್ಳಿ, ರಾಂಪುರದಂಥ ಊರುಗಳು ಎಲ್ಲ ಕಡೆ ಇವೆ, ಹೋಬಳಿಯ ಹೆಸರಿಲ್ಲದೆ ಒಪ್ಪಿಕೊಳ್ಳಬೇಡಿ.

ಲಕ್ಷಣ: ಕಾಗದ ಒಂದು ಹೇಳುತ್ತದೆ, ಹೆಳವರು ಇನ್ನೊಂದು ಹೇಳುತ್ತಾರೆ

ಹೆಳವರು ಮನೆಮನೆಗೆ ಬಂದು ವಂಶ ಹೇಳುವವರು. ಮೂಲ ಊರು ಯಾವುದು, ಅಲ್ಲಿಂದ ಯಾರು ಹೊರಟರು, ಯಾವ ಬೆಡಗು (ಕುಲದ ಕವಲು), ಯಾರ ಮಕ್ಕಳು ಯಾರು ಎಂದು ತಲೆಮಾರುಗಳಿಂದ ಇಟ್ಟುಕೊಂಡು ಬಂದಿದ್ದಾರೆ. ಅವರನ್ನು ಕಥೆ ಹೇಳುವವರು ಎಂದು ತಳ್ಳಿಹಾಕುವುದು ದೊಡ್ಡ ತಪ್ಪು. ವಲಸೆಯ ದಾರಿ, ಅಣ್ಣತಮ್ಮಂದಿರು ಬೇರೆಯಾದ ಕ್ರಮ ಇವುಗಳಲ್ಲಿ ಅವರ ಮಾತು ಪಹಣಿಗಿಂತ ಆಳಕ್ಕೆ ಹೋಗುತ್ತದೆ. ಪಹಣಿಗೆ ಜಮೀನು ಮಾತ್ರ ಗೊತ್ತು. ಆದರೆ ಇಸವಿ ಅವರಿಂದ ನಿರೀಕ್ಷಿಸಬೇಡಿ. ಸಾಲು ಹೆಚ್ಚಾಗಿ ಗಂಡುಮಕ್ಕಳದ್ದು. ಅವರು ಹೇಳುವಾಗ ಅಡ್ಡಬಾಯಿ ಹಾಕದೆ ಪೂರ್ತಿ ರೆಕಾರ್ಡ್ ಮಾಡಿಕೊಳ್ಳಿ. ನಿಮ್ಮ ಬಳಿ ಇರುವ ಹೆಸರುಗಳನ್ನು ಮೊದಲೇ ಹೇಳಬೇಡಿ. ಅವರಾಗಿಯೇ ಹೇಳಿದ ಹೆಸರು ನಿಮ್ಮ ಕಾಗದಕ್ಕೆ ಹೊಂದಿದರೆ ಅದು ಸ್ವತಂತ್ರ ಸಾಕ್ಷಿ. ದಾಯಾದಿಗಳ ಮನೆಯಲ್ಲೂ ಅದೇ ಹೆಳವರು ಏನು ಹೇಳಿದ್ದಾರೆ ಎಂದು ವಿಚಾರಿಸಿ.

ಬಗೆಹರಿಯದೇ ಹೋದರೆ

ಎಲ್ಲವೂ ಬಗೆಹರಿಯುವುದಿಲ್ಲ. ಆಗ ಒಂದನ್ನು ಆರಿಸಿ ಇನ್ನೊಂದನ್ನು ಅಳಿಸಬೇಡಿ. ಎರಡನ್ನೂ ಬರೆಯಿರಿ. ಹುಟ್ಟು: 1911 ಮತ್ತು 1914ರ ನಡುವೆ. 1911 ಎನ್ನಲು ಈ ಆಧಾರ, 1914 ಎನ್ನಲು ಈ ಆಧಾರ. ನನಗೆ ಯಾವುದು ಹೆಚ್ಚು ಸರಿ ಅನ್ನಿಸಿತು, ಯಾಕೆ ಎಂದು ಒಂದು ಸಾಲು. ಒಬ್ಬನೋ ಇಬ್ಬರೋ ಎಂದು ಅನುಮಾನ ಇದ್ದರೆ ಇಬ್ಬರು ಎಂದೇ ಬೇರೆ ಬೇರೆ ಬರೆದಿಡಿ. ಇಬ್ಬರನ್ನು ಮುಂದೆ ಕೂಡಿಸುವುದು ಸುಲಭ. ಒಮ್ಮೆ ಕೂಡಿಸಿದ್ದನ್ನು ಬಿಡಿಸುವಷ್ಟರಲ್ಲಿ ಯಾವ ಮಾಹಿತಿ ಯಾರದ್ದು ಎಂದೇ ಗೊತ್ತಾಗದೆ ಹೋಗುತ್ತದೆ.

ಪ್ರತಿ ಕಾಗದದ ಫೋಟೊ ತೆಗೆಯುವಾಗ ಪುಸ್ತಕದ ಹೊದಿಕೆ, ಪುಟದ ಸಂಖ್ಯೆ, ಹಿಂದಿನ ಮತ್ತು ಮುಂದಿನ ನಮೂದು ಎಲ್ಲ ಬರುವಂತೆ ತೆಗೆಯಿರಿ. ಬೇಕಾದ ಸಾಲನ್ನು ಮಾತ್ರ ಕತ್ತರಿಸಿ ಇಟ್ಟುಕೊಂಡರೆ, ಆ ನಮೂದು ತಡವಾಗಿ ಸೇರಿಸಿದ್ದೋ ಆಗಲೇ ಬರೆದದ್ದೋ ಎಂದು ಆಮೇಲೆ ತಿಳಿಯುವುದಿಲ್ಲ. ಮೇಲಿನ ಕೆಳಗಿನ ಸಾಲುಗಳ ಶಾಯಿ, ಕೈಬರಹ ಬೇರೆ ಇದ್ದರೆ ಅದನ್ನೂ ಬರೆದುಕೊಳ್ಳಿ.

ಇನ್ನು ಸರ್ಕಾರಿ ದಾಖಲೆಯನ್ನೇ ತಿದ್ದಿಸಬೇಕೇ ಎಂಬ ಪ್ರಶ್ನೆ. ತೀರಿಹೋದ ಹಿರಿಯರ ವಿಷಯದಲ್ಲಿ, ಆಸ್ತಿಯ ವ್ಯವಹಾರ ಇಲ್ಲದಿದ್ದರೆ, ನಿಮ್ಮ ಟಿಪ್ಪಣಿ ಸಾಕು. ಬದುಕಿರುವವರ ಜನನ ಪತ್ರದಲ್ಲಿ ತಪ್ಪಿದ್ದರೆ 1969ರ ಜನನ ಮರಣ ನೋಂದಣಿ ಕಾಯಿದೆಯ 15ನೇ ಕಲಮಿನಲ್ಲಿ ತಿದ್ದುಪಡಿಗೆ ಅವಕಾಶವಿದೆ. ನೋಂದಣಿಯೇ ಆಗಿಲ್ಲದಿದ್ದರೆ, ಒಂದು ವರ್ಷ ದಾಟಿದ ಮೇಲೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಅರ್ಜಿ ಹಾಕುವ ಮೊದಲು ಶಾಲೆಯ ದಾಖಲಾತಿ ರಿಜಿಸ್ಟರಿನ ದೃಢೀಕೃತ ನಕಲು ತೆಗೆದುಕೊಳ್ಳಿ, ಮತ್ತು ಯಾವ ದಿನಾಂಕಕ್ಕೆ ತಿದ್ದಿಸುತ್ತೀರೋ ಅದೇ ದಿನಾಂಕ ಉಳಿದ ಕಾಗದಗಳಲ್ಲೂ ಇದೆಯೇ ಎಂದು ಪಟ್ಟಿ ಮಾಡಿಕೊಳ್ಳಿ.